ಹೊಸಿಲಿಲ್ಲದ ಮನೆ

ಮೊನ್ನೆ ಒಂದು ಸ್ವಿಚ್ ಬೋರ್ಡ್ ಬಿಚ್ಚಿದೆ. ವೈರಿಂಗ್ ನನ್ನ ಕೆಲಸ. ದಿನಾ ಬಿಚ್ಚುವುದು, ದಿನಾ ಹಾಕುವುದು ಇದ್ದದ್ದೇ. ಆದರೆ ಇದನ್ನು ಬಿಚ್ಚಲು ನೆಲದ ಮೇಲೆ ಕೂರಬೇಕಾಯಿತು. ಗೋಡೆಯಲ್ಲಿ ಅಷ್ಟು ಕೆಳಗಿತ್ತು, ನಿಂತರೆ ನನ್ನ ತೊಡೆಯ ಹತ್ತಿರ ಬರುತ್ತಿತ್ತು. ಬಿಳಿ ಬೋರ್ಡು ಹಳದಿಗೆ ತಿರುಗಿತ್ತು. ಫ್ಯಾನಿನ ಸ್ವಿಚ್ಚಿನ ಒಂದು ಮೂಲೆ ಮಾತ್ರ ಸವೆದು ನುಣುಪಾಗಿತ್ತು. ಬೆರಳಲ್ಲಿ ಬಲವಿಲ್ಲದವರು ಗೆಣ್ಣಿನಿಂದ ಒತ್ತಿ ಒತ್ತಿ ಹಾಗೆ ಸವೆದಿತ್ತು.

ಅನ್ನಪೂರ್ಣೇಶ್ವರಿ ನಗರದ ಹಿಂಬದಿಯ ಆ ಮನೆಯನ್ನು ಒಡೆಯುತ್ತಿದ್ದಾರೆ. ಅಪಾರ್ಟ್‌ಮೆಂಟ್ ಬರುತ್ತದಂತೆ. ಜೆಸಿಬಿ ಬರುವ ಮೊದಲು ವೈರು, ಬೋರ್ಡು ಎಲ್ಲ ತೆಗೆದುಕೊಡು ಎಂದು ಕಂಟ್ರ್ಯಾಕ್ಟರ್ ಕರೆದಿದ್ದ. ಅಡ್ರೆಸ್ ಹೇಳಿದಾಗಲೇ ಯಾವ ಮನೆ ಎಂದು ಗೊತ್ತಾಯಿತು. ಬರುವುದಿಲ್ಲ ಅನ್ನಬಹುದಿತ್ತು. ಹೋದೆ. ಬೋರ್ಡು ಕಿತ್ತಾಗ ಹಿಂದಿನ ತೂತಿನಿಂದ ಹಳೇ ಸಿಮೆಂಟಿನ ತಣ್ಣನೆಯ ವಾಸನೆ ಬಂತು. ಅದರ ಜೊತೆಗೆ ಓನರ್ ಆಂಟಿಯೂ ಬಂದುಬಿಟ್ಟರು...

ಆ ಮನೆಯ ಕೆಳಗಿನ ಪೋರ್ಷನ್‌ನಲ್ಲಿ ನಾವು ಬಾಡಿಗೆಗೆ ಇದ್ದೆವು. ಆಂಟಿ ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದರು. ಗಂಡ ತೀರಿಕೊಂಡಿದ್ದರು. ನಾನು ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ಆಗಲೇ ವೈರಿಂಗ್ ಕೆಲಸಕ್ಕೆ ಹೋಗಿ ದುಡಿಯುತ್ತಿದ್ದೆ. ಅಪ್ಪ ತೀರಿಹೋಗಿದ್ದ. ಮನೆಯಲ್ಲಿ ಅಮ್ಮ, ಅಕ್ಕ, ಅಕ್ಕನ ಗಂಡ, ಅವರ ಮಗಳು. ಅಕ್ಕನ ಗಂಡ ಎಂದರೆ ಅಮ್ಮನ ಸ್ವಂತ ತಮ್ಮ, ನನಗೆ ಸೋದರಮಾವ. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಮಾಮೂಲು. ಮಗುವಿಗೆ ಆಗಿನ್ನೂ ನಡಿಗೆ ಬಂದಿರಲಿಲ್ಲ, ತೆವಳುತ್ತಿತ್ತು.

ಮನೆ ಕೇಳಲು ಹೋದ ದಿನ ಆಂಟಿ ಅಡ್ವಾನ್ಸಿನ ಮಾತೇ ಎತ್ತಲಿಲ್ಲ. ಅಮ್ಮನನ್ನು ಕೂರಿಸಿಕೊಂಡು ಬೇರೆ ಏನೇನೋ ಕೇಳಿದರು.

"ಯಾವ ಕಡೆಯವ್ರು?"

"ಮಾಗಡಿ ಕಡೆ."

"ಅಳಿಯ ಹೊರಗಿನೋರಾ, ಒಳಗಿನೋರಾ?"

"ನನ್ ತಮ್ಮನೇ."

"ನಿಮ್ದು? ನಿಮ್ದೂ ಒಳಗೇನಾ?"

ಅಮ್ಮ ಹೂಂ ಅಂದಳು. ಆಂಟಿ ಆಮೇಲೆ ಅಕ್ಕನ ಕಂಕುಳಲ್ಲಿದ್ದ ಮಗುವಿನ ಕಾಲನ್ನೇ ನೋಡುತ್ತಾ ಕೂತರು. ಮುಖ ನೋಡಿ ಚಿನ್ನ, ಬಂಗಾರ ಅನ್ನುವವರನ್ನು ನೋಡಿದ್ದೆ. ಮಗುವಿನ ಮೀನಖಂಡ ನೋಡುವವರನ್ನು ಅವತ್ತೇ ನೋಡಿದ್ದು. ಬರುವಾಗ ದಾರಿಯಲ್ಲಿ ಅಮ್ಮ ಗೊಣಗಿದಳು. "ಜಾತಿ ಕೇಳೋ ಓನರ್‌ನ ನೋಡಿದೀನಿ ಕಣೋ. ಇವ್ಳು ವಂಶಾನೇ ಬಗೀತಾಳೆ."

ಆದರೂ ಮನೆ ಹಿಡಿದೆವು. ಅಷ್ಟು ಕಡಿಮೆಗೆ ಆ ಏರಿಯಾದಲ್ಲಿ ಯಾರೂ ಕೊಡುತ್ತಿರಲಿಲ್ಲ. ಯಾಕೆ ಕಡಿಮೆ ಎಂದು ಹೋದ ಮೇಲೆ ಗೊತ್ತಾಯಿತು. ಆ ಮನೆಯಲ್ಲಿ ಎಲ್ಲವೂ ಕೆಳಗಿತ್ತು. ಸ್ವಿಚ್ಚು ಕೆಳಗೆ, ನಲ್ಲಿ ಕೆಳಗೆ, ಬಾಗಿಲ ಚಿಲಕ ಕೆಳಗೆ. ಗೋಡೆಯುದ್ದಕ್ಕೂ ಸೊಂಟಕ್ಕಿಂತ ತಗ್ಗಿನಲ್ಲಿ ಒಂದು ಕಬ್ಬಿಣದ ಪೈಪು, ಹಿಡಿದು ಹಿಡಿದು ಬಣ್ಣ ಹೋಗಿ ಮಿರುಗುತ್ತಿತ್ತು. ಬೇರೆ ಯಾರೋ ಇನ್ನೂ ವಾಸ ಇರುವ ಕಡೆ ನಾವು ಹೋಗಿ ಸೇರಿಕೊಂಡ ಹಾಗೆ ಅನ್ನಿಸುತ್ತಿತ್ತು. ಎತ್ತರದಲ್ಲಿ ಇದ್ದದ್ದು ಒಂದೇ ಒಂದು. ಹಾಲಿನ ಗೋಡೆಯಲ್ಲಿ ಸೂರಿನ ಹತ್ತಿರ ಒಂದು ಸಣ್ಣ ಗೂಡು. ಅದು ನನಗೂ ಎಟುಕುತ್ತಿರಲಿಲ್ಲ.

ಅಮ್ಮನಿಗೆ ಅದೆಲ್ಲ ದೊಡ್ಡದಲ್ಲ. ಆ ಮನೆಗೆ ಹೊಸಿಲಿರಲಿಲ್ಲ. ಮುಂಬಾಗಿಲು, ಅಡಿಗೆಮನೆ, ಬಚ್ಚಲು, ಎಲ್ಲೂ ಇಲ್ಲ. ರಸ್ತೆಯಿಂದ ಒಂದು ಇಳಿಜಾರು, ಅಲ್ಲಿಂದ ನೆಲ ಸೀದಾ ಒಳಗೆ ಹರಿದುಕೊಂಡು ಬಂದಿತ್ತು. ಮೊದಲನೇ ದಿನ ಅಮ್ಮ ಅರಿಶಿನದ ಬಟ್ಟಲು ಹಿಡಿದು ಬಾಗಿಲಲ್ಲಿ ಸುಮ್ಮನೆ ನಿಂತಿದ್ದಳು.

"ಎಲ್ಲಿಗ್ ಬಳೀಲೋ ಇದನ್ನ? ಹೊಸಿಲಿಲ್ದಿದ್ ಮನೆಗೆ ಏನ್ ಬೇಕಾದ್ರೂ ಒಳಗ್ ಬರುತ್ತೆ."

"ಸೊಳ್ಳೆ ಬರುತ್ತೆ, ಇನ್ನೇನ್ ಬರುತ್ತೆ," ಎಂದು ಮಾವ ನಕ್ಕ.

ನಾನು ದೆವ್ವ ಗಿವ್ವ ನಂಬುವವನಲ್ಲ. ಕರೆಂಟ್ ಕೆಲಸ ಮಾಡುವವನು ಅದನ್ನೆಲ್ಲ ನಂಬಿದರೆ ಮೀಟರ್ ಬಾಕ್ಸಿಗೆ ಕೈ ಹಾಕಲು ಆಗುವುದಿಲ್ಲ. ಆದರೆ ಆಂಟಿಯ ಮಾತು ಕೇಳಿದಾಗ ನನಗೂ ಬೆನ್ನು ತಣ್ಣಗಾಗುತ್ತಿತ್ತು. ನೀರಿನ ಮೋಟರ್ ಹಾಕಲು ಕೆಳಗೆ ಬಂದರೆ ಅಕ್ಕನ ಜೊತೆ ನಿಂತು ಮಾತಾಡುತ್ತಿದ್ದರು.

"ನಿನ್ನೆ ಮಗನ್ನ ನೋಡ್ಕಂಡ್ ಬಂದೆ. ಈ ಸಲ ಚೆನ್ನಾಗ್ ಬೆಳೀತಿದಾನಂತೆ."

"ಓದ್ತಿದಾನಾ ಆಂಟಿ?"

"ಓದೋದೇನಿಲ್ಲ. ತಣ್ಣಗಿರ್ತಾನೆ ಪಾಪ."

ಅಕ್ಕ ಹಾಸ್ಟೆಲ್ಲೋ ಆಸ್ಪತ್ರೆಯೋ ಇರಬೇಕು ಅಂದುಕೊಂಡಿದ್ದಳು. ಕೊನೆಗೆ ರಸ್ತೆ ತುದಿಯ ಅಂಗಡಿಯವನು ಹೇಳಿದ. ಆಂಟಿಯ ಒಬ್ಬನೇ ಮಗ ನಡೆಯಲಾಗದೆ ಗಾಲಿ ಕುರ್ಚಿಯಲ್ಲಿ ಇದ್ದನಂತೆ. ಮೀಸೆ ಮೂಡುವ ಹೊತ್ತಿಗೆ ಉಸಿರಾಟ ನಿಂತು ಹೋದನಂತೆ. ಆ ಮನೆಯನ್ನು ಕಟ್ಟಿಸಿದ್ದೇ ಅವನಿಗಾಗಿ. "ಹುಡ್ಗ ಹೋಗಿ ವರ್ಷಗಳಾಯ್ತು ಗುರು. ಆಯಮ್ಮ ಇನ್ನೂ ಇದಾನೆ ಅಂತಾರೆ. ಯಾವ್ ಬಾಡಿಗೆಯೋರೂ ನಿಲ್ಲಲ್ಲ." ಅವತ್ತು ಅಕ್ಕ ಬೇರೆ ಮನೆ ನೋಡು ಎಂದು ಮಾವನ ಜೀವ ತಿಂದಳು. ಅದೇ ಬಾಡಿಗೆಗೆ ಇನ್ನೊಂದು ಸಿಗಲಿಲ್ಲ.

ಆ ವರ್ಷ ಮಹಾಲಯ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಸತ್ತವರಿಗೆ ಎಡೆ ಇಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಎಲೆ, ಅವರವರಿಗೆ ಇಷ್ಟವಾದ ಅಡಿಗೆ, ಹೊಸ ಬಟ್ಟೆ. ಬಡಿಸಿದ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು. ಸತ್ತವರು ಬಂದು ಊಟ ಮಾಡಲಿ ಎಂದು. ಆಂಟಿ ಅಡಿಗೆಗೆ ಕೈ ಜೋಡಿಸಲು ಅಮ್ಮನನ್ನು ಕರೆದಿದ್ದರು, ನಾನು ಎಲೆ ತಂದುಕೊಡಲು ಹೋಗಿದ್ದೆ. ಆಂಟಿಯ ಮೈದುನ, ಎಂದರೆ ಗಂಡನ ತಮ್ಮ, ಉಲ್ಲಾಳದಿಂದ ಬಂದಿದ್ದರು. ಆಂಟಿ ಗಂಡನಿಗೆ ಎಲೆ ಹಾಕಿದರು. ಅತ್ತೆ ಮಾವನಿಗೆ ಹಾಕಿದರು. ಅಷ್ಟಕ್ಕೇ ನಿಲ್ಲಿಸಿದರು.

"ಹುಡುಗಂದು, ಅತ್ತಿಗೆ?"

"ಬದುಕಿರೋನಿಗೆ ಯಾರಾದ್ರೂ ಎಡೆ ಇಡ್ತಾರೇನಪ್ಪ?"

"ಪ್ರತಿ ವರ್ಷ ಇದೇ ಆಯ್ತು. ನಾನೇ ಹೆಗಲು ಕೊಟ್ಟಿದೀನಿ. ನಾನೇ ಮಣ್ಣು ಹಾಕಿದೀನಿ."

"ಹಾಕಿದೀಯ. ಎಲ್ಲಾನೂ ಹಾಕಿಲ್ಲ."

ಮೈದುನ ಅಮ್ಮನ ಮುಖ ನೋಡಿದರು. ಅಮ್ಮ ಸೌಟು ಹಿಡಿದು ಹಾಗೇ ನಿಂತಿದ್ದಳು. "ಎಡೆ ಕಾಣ್ದೆ ಅಲೀತಿರ್ತಾನೆ ಅತ್ತಿಗೆ ಆ ಹುಡ್ಗ. ಕೆಳಗಡೆ ಮನೆ ಅದ್ಕೇ ನಿಲ್ತಿಲ್ಲ," ಎಂದು ಹೇಳಿ ಅವರು ಎದ್ದು ಹೊರಗೆ ಬಂದರು. ಬಾಗಿಲು ಮುಚ್ಚಿದೆವು. ಎಲ್ಲರೂ ಮೆಟ್ಟಿಲ ಹತ್ತಿರ ನಿಂತೆವು. ಆಗ ಕೆಳಗೆ ನಮ್ಮ ಖಾಲಿ ಹಾಲಿನಲ್ಲಿ ಸ್ವಿಚ್ ಒತ್ತಿದ ಸದ್ದಾಯಿತು. ಫ್ಯಾನ್ ತಿರುಗುವುದೂ ಕೇಳಿಸಿತು. ಅಮ್ಮ ನನ್ನ ತೋಳು ಹಿಡಿದುಕೊಂಡಳು.

ನಾನು ಇಳಿದು ಹೋಗಿ ನೋಡಿದೆ. ಅಕ್ಕನ ಮಗಳು ರೂಮಿನಿಂದ ತೆವಳಿಕೊಂಡು ಬಂದು ಪೈಪು ಹಿಡಿದು ಎದ್ದು ನಿಂತಿದ್ದಳು. ಕೈ ಸ್ವಿಚ್ಚಿನ ಮೇಲಿತ್ತು. ಎದ್ದು ನಿಂತಿದ್ದು ಅದೇ ಮೊದಲು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆಂಟಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಅವರು ತಟ್ಟಲಿಲ್ಲ.

ಒಂದು ಸಲ ಆಂಟಿಯ ಯುಪಿಎಸ್ ಕೆಟ್ಟು ರಿಪೇರಿ ಮಾಡಿಕೊಟ್ಟೆ. ದುಡ್ಡು ಕೊಟ್ಟ ಮೇಲೆ ಅವರು, "ನಾಳೆ ಬಿಡುವಿದ್ರೆ ಬಾರೋ ನನ್ ಜೊತೆ. ಡಬ್ಬಿ ಭಾರ. ಮಗನ ಹುಟ್ಟಿದಬ್ಬ," ಅಂದರು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಹೋಳಿಗೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋದೆ. ಯಾವುದೋ ಸ್ಮಶಾನಕ್ಕೆ ಕರೆದುಕೊಂಡು ಹೋಗುತ್ತಾರೆ ಎಂದೇ ನನ್ನ ಲೆಕ್ಕ. ಹೋಗಿ ಇಳಿದದ್ದು ಒಂದು ಹಳೇ ಕಟ್ಟಡದ ಮುಂದೆ. ಕಾಯಿಲೆಗಳ ಬಗ್ಗೆ ರಿಸರ್ಚ್ ಮಾಡುವ ಲ್ಯಾಬು. ಚಪ್ಪಲಿ ಬಿಟ್ಟು, ಅವರು ಕೊಟ್ಟ ಬೇರೆ ಚಪ್ಪಲಿ ಹಾಕಿಕೊಂಡು ಒಳಗೆ ಹೋದೆವು. ಬಿಳಿ ಕೋಟಿನ ಒಬ್ಬರು ಮೇಡಂ ಬಂದು ಆಂಟಿಯ ಕೈ ಹಿಡಿದುಕೊಂಡರು. ಆಂಟಿ ಕೇಳಿದ ಮೊದಲ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ಊಟ ಹಾಕಿದ್ರಾ ಅವನಿಗೆ?"

"ಬೆಳಗ್ಗೆನೇ ಹಾಕಿದೀವಿ ಅಮ್ಮ."

ಮೇಡಂ ಒಂದು ಬೀರುವಿನಂಥ ಪೆಟ್ಟಿಗೆಯ ಬಾಗಿಲು ತೆಗೆದರು. ಒಳಗೆ ಇನ್ನೊಂದು ಗಾಜಿನ ಬಾಗಿಲು. ಅದರ ಹಿಂದೆ ಚಪ್ಪಟೆ ಬಾಟಲಿಗಳು, ತಿಳಿ ಕೆಂಪು ನೀರು. ಆಂಟಿ ಗಾಜಿನ ಮೇಲೆ ಅಂಗೈ ಇಟ್ಟರು. ಹಣೆ ಮುಟ್ಟಿ ಜ್ವರ ನೋಡುವ ಹಾಗೆ. "ಮುಟ್ಟಿ ನೋಡು, ಬೆಚ್ಚಗಿದೆ," ಅಂದರು. ಮುಟ್ಟಿದೆ. ಬೆಚ್ಚಗಿತ್ತು. ಮನುಷ್ಯನ ಮೈಯಷ್ಟೇ ಬಿಸಿ ಇಟ್ಟಿರುತ್ತೇವೆ ಎಂದು ಮೇಡಂ ಹೇಳಿದರು. ಆಮೇಲೆ ಒಂದು ಬಾಟಲಿ ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟು ನನಗೂ ತೋರಿಸಿದರು. ಉದ್ದುದ್ದ ಎಳೆಗಳು, ಒಂದರ ಪಕ್ಕ ಒಂದು ಮಲಗಿದ ಹಾಗೆ. ಅದೇ ಅವನು. ಬದುಕಿದ್ದಾಗ ಪರೀಕ್ಷೆಗೆ ಎಂದು ತೊಡೆಯಿಂದ ಒಂದು ಚೂರು ಮಾಂಸ ತೆಗೆದಿದ್ದರಂತೆ. ಆ ಚೂರಿನ ಜೀವಕಣಗಳು ಆ ಕೆಂಪು ನೀರನ್ನೇ ಊಟ ಮಾಡಿಕೊಂಡು ಸಾಯದೆ ಬೆಳೆಯುತ್ತಿದ್ದವು. ಬೆಳೆದಷ್ಟು ಬೆಳೆಸಿ, ಉಳಿದದ್ದನ್ನು ಒಂದು ಡ್ರಮ್ಮಿನಲ್ಲಿ ಹೆಪ್ಪುಗಟ್ಟಿಸಿ ಇಡುತ್ತಿದ್ದರು. ಡ್ರಮ್ಮಿನ ಮುಚ್ಚಳ ತೆಗೆದಾಗ ಬಿಳಿ ಹೊಗೆ ನೆಲದವರೆಗೂ ಇಳಿದು ನನ್ನ ಪಾದದ ಮೇಲೆ ಹೋಯಿತು. ಕಾಲು ಹಿಂದಕ್ಕೆ ತೆಗೆದುಕೊಂಡೆ.

ಆಂಟಿ ಅಲ್ಲಿದ್ದವರಿಗೆಲ್ಲ ಹೋಳಿಗೆ ಹಂಚಲು ಹೋದಾಗ ನಾನು ಮೇಡಂನ ನೇರವಾಗಿ ಕೇಳಿದೆ.

"ಇದ್ರಿಂದ ಏನ್ ಸಿಕ್ಕಿದೆ ಮೇಡಂ?"

"ಇನ್ನೂ ಏನೂ ಸಿಕ್ಕಿಲ್ಲ."

"ಮತ್ತೆ ಯಾಕ್ ಇಟ್ಕಂಡಿದೀರ?"

ಅವರಿಗೆ ಸಿಟ್ಟು ಬರಲಿಲ್ಲ. "ಅವನ ಮೈಯಲ್ಲಿ ಎಲ್ಲಿ ತಪ್ಪಿದೆ ಅಂತ ಓದಕ್ಕೆ ಆಗ ಮಿಷನ್ ಇರ್ಲಿಲ್ಲಪ್ಪ. ಈಗ ಮಿಷನ್ ಬಂದಿದೆ, ಅವನಿಲ್ಲ. ಆದ್ರೆ ಇದಿದೆ. ಸರ್ಕಾರದ ದುಡ್ಡು ಒಂದಷ್ಟು ವರ್ಷಕ್ಕೆ ಅಂತ ಬರುತ್ತೆ, ನಿಲ್ಲುತ್ತೆ. ನಿಂತ ವರ್ಷ ಈ ಡ್ರಮ್ಮನ್ನ ತಣ್ಣಗಿಡೋ ನೈಟ್ರೋಜನ್ ತುಂಬ್ಸೋರು ಯಾರು? ಒಂದು ಸಲ ಖಾಲಿ ಆದ್ರೆ ಇದೆಲ್ಲ ಸತ್ತೋಗುತ್ತೆ, ಮತ್ತೆ ಸಿಗಲ್ಲ. ಅಮ್ಮ ಕೆಳಗಿನ ಮನೆ ಬಾಡಿಗೆ ಪೂರ್ತಿ ಇಲ್ಲಿಗೇ ಕೊಡ್ತಾರೆ. ಇನ್ನೂ ಕೆಲವರು ತಂದೆತಾಯಂದಿರು ಕೊಡ್ತಾರೆ. ಅದ್ರಲ್ಲೇ ಇದು ಉಳ್ಕೊಂಡಿರೋದು."

ಕೆಳಗಿನ ಮನೆ ಎಂದರೆ ನಮ್ಮ ಮನೆ. ಪ್ರತಿ ತಿಂಗಳು ಅಕ್ಕ ಕವರ್‌ನಲ್ಲಿ ಹಾಕಿ ಕೊಡುತ್ತಿದ್ದ ಬಾಡಿಗೆ ಅಲ್ಲಿ ಹೊಗೆಯಾಡುತ್ತಿತ್ತು.

ವಾಪಸು ಬರುವಾಗ ಆಂಟಿ ಕೇಳಿದರು. "ಭಯ ಆಯ್ತೇನೋ?"

"ಇಲ್ಲ ಆಂಟಿ."

"ಸುಳ್ ಹೇಳ್ಬೇಡ. ಹೆತ್ತೋಳ್ಗೇ ಆಗಿತ್ತು ಮೊದಲ್ನೇ ಸಲ."

ಮನೆಯಲ್ಲಿ ಹೇಳಿದಾಗ ಅಕ್ಕ ತಟ್ಟೆ ಸರಿಸಿ ಎದ್ದಳು. "ನಮ್ ದುಡ್ಡಲ್ಲಿ ಹೆಣ ಕಾಯ್ತಾ ಇದಾರಾ?" ಅಮ್ಮ ದೇವರ ಮುಂದೆ ದೀಪ ಹಚ್ಚಿದಳು. ಮಾವ ಮಾತ್ರ, "ಓನರ್ ದುಡ್ಡು, ಓನರ್ ಇಷ್ಟ ಬಿಡೇ," ಎಂದು ಊಟ ಮುಗಿಸಿದ.

ಮಗು ನಡೆಯಲು ಕಲಿಯಿತು. ಮಾತು ಕಲಿಯಿತು. ಆಂಟಿ ಬರುವುದು ಜಾಸ್ತಿಯಾಯಿತು. ಬಂದು ಮಗುವನ್ನು ನೆಲದ ಮೇಲೆ ಕೂರಿಸಿ, "ಎಲ್ಲಿ, ಎದ್ದು ಬಾ ನನ್ ಹತ್ರ," ಅನ್ನುತ್ತಿದ್ದರು. ಮಗು ಎದ್ದು ಹೋದರೆ ಎತ್ತಿಕೊಳ್ಳುತ್ತಿರಲಿಲ್ಲ. ಮತ್ತೆ ಕೂರಿಸಿ, ಮತ್ತೆ ಎದ್ದು ಬಾ ಅನ್ನುತ್ತಿದ್ದರು. ಬೆಳಗ್ಗೆ ಒಂದು ಸಲ ಬರುತ್ತಿದ್ದರು, ಸಂಜೆ ಇನ್ನೊಂದು ಸಲ. ಸಂಜೆ ಬಂದಾಗ ಮುಖ ಬಿಗಿಯಾಗಿರುತ್ತಿತ್ತು. ಅಕ್ಕ ಅವರು ಹೋದ ತಕ್ಷಣ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಆಮೇಲಾಮೇಲೆ ಆಂಟಿಯ ಚಪ್ಪಲಿ ಸದ್ದು ಕೇಳಿದರೆ ಮಗುವನ್ನು ರೂಮಿಗೆ ಸೇರಿಸಿ ಮಲಗಿದೆ ಅನ್ನತೊಡಗಿದಳು.

ಒಂದು ದಿನ ಆಂಟಿ ಬಾಗಿಲಲ್ಲೇ ನಿಂತು ಹೇಳಿದರು.

"ಬಚ್ಚಿಡ್ಬೇಡಮ್ಮ. ಇವ್ಳನ್ನ ನೀನು ಈ ಮನೇಲಿ ಮಾತ್ರ ನಡ್ಸಿದೀಯ. ಹೊಸಿಲಿರೋ ಮನೇಲಿ ನಡ್ಸಿ ನೋಡು."

"ನಮ್ ಮಗೂಗೇನಾಗಿದೆ ಆಂಟಿ?"

"ಏನೂ ಆಗ್ದೆ ಇರ್ಲಿ."

ಅವರು ಹೋದ ಮೇಲೆ ಅಕ್ಕ ಅತ್ತಳು. "ಸತ್ತೋದ ಮಗನ್ನ ನನ್ ಮಗಳ ಮೇಲೆ ತರ್ತಾಳೆ ಈ ಹೆಂಗ್ಸು." ನಾನೂ ಹೌದು ಅಂದೆ. ಮಗು ಚೆನ್ನಾಗಿಯೇ ಓಡಾಡುತ್ತಿತ್ತಲ್ಲ, ಪೈಪು ಹಿಡಿದುಕೊಂಡು ಮನೆ ತುಂಬಾ. ಸಂಜೆ ಹೊತ್ತಿಗೆ ಕತ್ತು ವಾಲಿಸಿಕೊಂಡು ಕೂತರೆ ಆಡಿ ಸುಸ್ತಾಗಿದೆ ಅಂದುಕೊಳ್ಳುತ್ತಿದ್ದೆವು.

ಸ್ವಲ್ಪ ದಿನಕ್ಕೆ ಕೆಂಗೇರಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ ಇತ್ತು. ಹಳೇ ಕಾಲದ ಹಾಗೆ ದಪ್ಪ ಮರದ ಹೊಸಿಲು ಹಾಕಿಸಿದ್ದರು, ಹೂವು ಕುಂಕುಮ ಇಟ್ಟಿದ್ದರು. ಮಕ್ಕಳೆಲ್ಲ ಹಾರಿಕೊಂಡು ಒಳಗೆ ಓಡಿದವು. ಅಕ್ಕನ ಮಗಳು ಹೊಸಿಲ ಹತ್ತಿರ ಬಂದು ನಿಂತಳು. ಒಂದು ಕಾಲು ಎತ್ತಲು ನೋಡಿದಳು, ಬೆರಳು ಮರಕ್ಕೆ ತಾಗಿತು. ಇನ್ನೊಂದು ಕಾಲು. ಅದೂ ತಾಗಿತು. ಆಮೇಲೆ ಅವಳ ಕೈ ಪಕ್ಕದ ಗೋಡೆಯ ಮೇಲೆ ಹೋಯಿತು. ನಮ್ಮ ಮನೆಯಲ್ಲಿ ಪೈಪು ಇರುವ ಎತ್ತರಕ್ಕೇ ಹೋಯಿತು. ಅಲ್ಲಿ ಪೈಪು ಇರಲಿಲ್ಲ. ಹೊಸ ಬಣ್ಣದ ಗೋಡೆಯನ್ನು ಸವರುತ್ತಾ, ಸವರುತ್ತಾ... ಕೊನೆಗೆ ಹೊಸಿಲ ಮುಂದೆ ಕುಸಿದು ಕೂತಳು. ಏಳಲು ಎರಡೂ ಕೈಯನ್ನು ತೊಡೆಗೆ ಊರಿ, ತನ್ನ ಮೈಯನ್ನೇ ತಾನು ಹತ್ತುವ ಹಾಗೆ ಎದ್ದಳು.

ಅಕ್ಕ ನೋಡಿದಳು. ನಾನು ಅಕ್ಕನ ಮುಖ ನೋಡಿದೆ. ಆ ಮನೆ ನಮ್ಮಿಂದ ಮಗುವಿನ ಕಾಲನ್ನು ಮುಚ್ಚಿಟ್ಟಿತ್ತು. ಆ ಹುಡುಗನಿಗೆಂದು ಕಟ್ಟಿದ ಮನೆ ಇವಳಿಗೆ ಅಳತೆ ತೆಗೆದ ಹಾಗೆ ಹೊಂದಿತ್ತು. ಅದಕ್ಕೇ ಯಾರಿಗೂ ಕಾಣಲಿಲ್ಲ. ಅವನನ್ನು ಆ ಮನೆಯಲ್ಲಿ ಸಾಕಿದವರನ್ನು ಬಿಟ್ಟು.

ಅಕ್ಕ ಊಟಕ್ಕೂ ನಿಲ್ಲದೆ ಬಂದಳು. ಸೀದಾ ಮೆಟ್ಟಿಲು ಹತ್ತಿ ಹೋಗಿ ಆಂಟಿಯ ಮುಂದೆ ಮಗುವನ್ನು ಇಳಿಸಿದಳು. ಆಂಟಿ, "ಬೆಳಗ್ಗೆ ಹೊರಡಣ," ಅಂದರು.

ಲ್ಯಾಬಿನಲ್ಲಿ ಮಗುವಿನ ರಕ್ತ ತಗೊಂಡರು, ಅಕ್ಕನದೂ ಮಾವನದೂ ತಗೊಂಡರು. ಆಸ್ಪತ್ರೆ ಡಾಕ್ಟರು ಮಗುವನ್ನು ನೋಡಿ ಮಾಂಸ ಕರಗುವ ಕಾಯಿಲೆ ಇರಬಹುದು ಅಂದರು. ಆಂಟಿಯ ಮಗನಿಗೆ ಹೇಳಿದ್ದೂ ಅದನ್ನೇ. ಅದಕ್ಕೆ ಔಷಧಿ ಇಲ್ಲ. ರಕ್ತದ ರಿಪೋರ್ಟಿಗೆ ತಿಂಗಳುಗಟ್ಟಲೆ ಕಾದೆವು. ಆ ತಿಂಗಳುಗಳಲ್ಲಿ ಮಗು ಪೈಪು ಹಿಡಿದರೂ ಬೀಳತೊಡಗಿತು. ಕೆಲಸದಿಂದ ಬಂದರೆ ಅದು ಆ ಸ್ವಿಚ್ ಬೋರ್ಡಿನ ಕೆಳಗೆ ಗೋಡೆಗೆ ಒರಗಿ ಕೂತಿರುತ್ತಿತ್ತು. ಬೆರಳು ಸೋತು ಗೆಣ್ಣಿನಲ್ಲಿ ಸ್ವಿಚ್ ಒತ್ತುತ್ತಿತ್ತು. ಮೊದಲೇ ಸವೆದಿದ್ದ ಮೂಲೆಯಲ್ಲೇ. ಗೋಡೆಯ ಮೇಲೆ ಬಣ್ಣ ಹೋದ ಕಡೆಯಲ್ಲೇ ಅದರ ಬೆನ್ನು ಸರಿಯಾಗಿ ಕೂರುತ್ತಿತ್ತು. ನಾನು ಆ ಕಡೆ ನೋಡುವುದನ್ನೇ ಬಿಟ್ಟೆ.

ಕೊನೆಗೆ ಮೇಡಂ ತಾವೇ ಮನೆಗೆ ಬಂದರು. ಹಾಲಿನಲ್ಲಿ ಎಲ್ಲರೂ ಕೂತೆವು. ಆಂಟಿ ಮೇಲಿನಿಂದ ಇಳಿದು ಬಂದು ಗೋಡೆ ಪಕ್ಕ ಕೂತರು.

"ಇಬ್ಬರದ್ದೂ ಒಂದೇ," ಎಂದರು ಮೇಡಂ. "ಹುಡುಗನ ಡಿಎನ್‌ಎ ಓದಿದಾಗ ತುಂಬಾ ಕಡೆ ಬೇರೆ ಥರ ಕಾಣ್ತಿತ್ತು. ಅದ್ರಲ್ಲಿ ಕಾಯಿಲೆ ತರ್ತಿರೋದು ಯಾವ್ದು ಅಂತ ಒಬ್ಬಂದನ್ನೇ ಇಟ್ಕೊಂಡು ಹೇಳಕ್ಕಾಗ್ತಿರ್ಲಿಲ್ಲ. ಪಾಪೂದು ಪಕ್ಕದಲ್ಲಿಟ್ವಿ. ಇಬ್ಬರಿಗೂ ಒಂದೇ ಜಾಗ ತಪ್ಪಿದೆ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

"ಅಳ್ಬೇಡಮ್ಮ, ಪೂರ್ತಿ ಕೇಳು. ಇದು ಮಾಂಸ ಕರಗೋದಲ್ಲ. ಹೊರಗಿಂದ ಹಂಗೇ ಕಾಣುತ್ತೆ ಅಷ್ಟೆ. ನರ ಹೇಳಿದ್ದು ಮಾಂಸಕ್ಕೆ ಸರಿಯಾಗಿ ಕೇಳ್ಸಲ್ಲ. ಇದಕ್ಕೆ ಮಾತ್ರೆ ಇದೆ."

ಆಂಟಿ ಕೇಳಿದರು. "ಯಾವ್ ಮಾತ್ರೆ?"

"ಹಳೇದೇ ಅಮ್ಮ. ಉಬ್ಬಸಕ್ಕೆ ಕೊಡೋದು. ಎಲ್ಲಾ ಮೆಡಿಕಲ್ಸಲ್ಲೂ ಸಿಗುತ್ತೆ. ಈ ಕಾಯಿಲೆಗೆ ಎಷ್ಟು ಕೊಡ್ಬೇಕು ಅಂತ ಡಾಕ್ಟರ್ ನೋಡ್ಕೊಂಡು ಕೊಡ್ತಾರೆ."

ಆಂಟಿ ತಲೆ ಎತ್ತಿ ಸೂರಿನ ಹತ್ತಿರದ ಆ ಗೂಡನ್ನು ನೋಡಿದರು.

"ನಮ್ಮನೆಯವ್ರಿಗೆ ಉಬ್ಬಸ ಇತ್ತು," ಅಂದರು. "ಮಾತ್ರೆ ಡಬ್ಬಿ ಅಲ್ಲಿರ್ತಿತ್ತು. ಕೈಗೆ ಸಿಕ್ರೆ ಹುಡ್ಗ ನುಂಗ್‌ಬಿಡ್ತಾನೆ ಅಂತ ನಾನೇ ಮೇಲೆ ಗೂಡು ಮಾಡಿಸಿ ಇಟ್ಟಿದ್ದೆ."

ಮೇಡಂ ಹೋಗಿ ಅವರ ಪಕ್ಕ ಕೂತರು. "ಆಗ ಯಾರಿಗೂ ಗೊತ್ತಿರ್ಲಿಲ್ಲ ಅಮ್ಮ. ಗೊತ್ತಾಗಿದ್ದೇ ಅವನಿಂದ."

ಆಂಟಿ ಅಳಲಿಲ್ಲ. ಅತ್ತಿದ್ದರೆ ನಮಗೆ ಸುಲಭವಾಗುತ್ತಿತ್ತು. ಎಲ್ಲ ಕೈಗೆಟುಕುವ ಹಾಗೆ ಕಟ್ಟಿಸಿದ ಮನೆಯಲ್ಲಿ ಎಟುಕದ ಹಾಗೆ ಇಟ್ಟದ್ದು ಅದೊಂದನ್ನೇ... ಅವರು ಆ ಗೂಡನ್ನು ನೋಡುತ್ತಲೇ ಇದ್ದರು. ಮಾತು ಎಲ್ಲಿಗಾದರೂ ತಿರುಗಲಿ ಎಂದೋ ಏನೋ, 'ನಿಮ್ಮ ತವರು ಯಾವೂರು' ಎಂದು ಅಮ್ಮ ಕೇಳಿದಳು. ಆಂಟಿ ಹೇಳಿದರು. ನಮ್ಮ ಊರ ಕೆರೆಯ ಆಚೆ ದಡ.

"ಹಂಗಾದ್ರೆ ಎಲ್ಲೋ ಹಿಂದೆ ನೀವೂ ನಾವೂ ಒಂದೇ ಮನೆಯೋರು."

"ಹಾಗೇ ಇರ್ಬೇಕು," ಎಂದರು ಮೇಡಂ. "ಒಬ್ಬರಿಂದಾನೇ ಮಕ್ಕಳಿಬ್ಬರಿಗೂ ಇಳಿದು ಬಂದಿರುತ್ತೆ. ಒಳಗೊಳಗೇ ಮದುವೆ ಆದಾಗ ಹಿಂಗೆ ಮಕ್ಕಳಲ್ಲಿ ಕಾಣಿಸ್ಕೊಳ್ಳುತ್ತೆ."

ಯಾವ ಕಾಲದ ಯಾವ ಅಜ್ಜಿಯೋ, ಅಜ್ಜನೋ. ಅವರ ಹೆಸರು ಯಾರಿಗೂ ಗೊತ್ತಿಲ್ಲ, ಫೋಟೋ ಇಲ್ಲ. ನನಗೆ ಆ ಹುಡುಗನಿಗಿಂತ ಅವರನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಇಷ್ಟು ದೂರದವರೆಗೆ ಹಿಂದೆ ಹಿಂದೆ ಬಂದಿದ್ದಾರೆ, ಯಾವ ಹೊಸಿಲೂ ಅವರನ್ನು ತಡೆದಿಲ್ಲ.

ಮಾತ್ರೆ ಶುರುವಾಯಿತು. ಮೊದಮೊದಲು ಏನೂ ಕಾಣಲಿಲ್ಲ. ಅಕ್ಕ ದಿನಾ ನೋಡುತ್ತಿದ್ದಳು, ನೋಡಿ ಬಯ್ಯುತ್ತಿದ್ದಳು. ಆಮೇಲೆ ಒಂದು ಸಂಜೆ ಮಗುವಿನ ಕತ್ತು ವಾಲಿರಲಿಲ್ಲ. ಆಮೇಲೆ ಯಾವಾಗಲೋ ತೊಡೆಗೆ ಕೈ ಊರದೆ ಎದ್ದಿತು. ನಿಧಾನಕ್ಕೆ, ಮಗು ದೊಡ್ಡದಾಗುವುದು ಮನೆಯವರ ಕಣ್ಣಿಗೆ ಕಾಣುವುದಿಲ್ಲವಲ್ಲ, ಆ ಥರ. ಆಂಟಿ ಮಹಡಿ ಕಂಬಿಗೆ ಒರಗಿ ನಿಂತು ನೋಡುತ್ತಿದ್ದರು. ಮಗು ಒಂದು ದಿನ ತಾನೇ ಮೆಟ್ಟಿಲು ಹತ್ತಿ ಅವರ ಬಾಗಿಲಿಗೆ ಹೋಯಿತು. ಆಂಟಿ ಒಳಗೆ ಕರೆಯುವ ಬದಲು ನನ್ನನ್ನು ಕೂಗಿದರು.

"ಒಬ್ಬ ಬಡಗಿನ ಕರ್ಕಂಡ್ ಬಾ. ಕೆಳಗಡೆ ಮನೆಗೆ ಹೊಸಿಲು ಹಾಕ್ಸು."

"ಈಗ್ ಯಾಕ್ ಆಂಟಿ?"

"ಕಾಲು ಎತ್ತೋದು ಕಲೀಲಿ."

ಹಾಕಿಸಿದೆವು. ಅಮ್ಮ ಅರಿಶಿನ ಬಳಿದಳು. ಪೈಪು ತೆಗೆಸೋಣವೇ ಎಂದು ಕೇಳಿದ್ದಕ್ಕೆ ಆಂಟಿ ಬೇಡ ಅಂದರು. ಎತ್ತರದ ಗೂಡನ್ನು ಮುಚ್ಚಿಸೋಣವೇ ಎಂದು ನಾನೇ ಕೇಳಿದೆ. ಅದಕ್ಕೂ ಬೇಡ ಅಂದರು. ಲ್ಯಾಬಿಗೆ ಹೋಗುವುದನ್ನೂ ನಿಲ್ಲಿಸಲಿಲ್ಲ. ಸಿಕ್ಕಿತಲ್ಲ ಆಂಟಿ, ಇನ್ನೇನು ಎಂದರೆ, "ಇವ್ಳಿಗೆ ಸಿಕ್ತು. ಸಿಗ್ದಿರೋರು ಆ ಡ್ರಮ್ಮಲ್ಲಿ ಇನ್ನೂ ಎಷ್ಟೋ ಜನ ಇದಾರೆ. ಅವ್ರ ಜೊತೆ ಇವ್ನೂ ಇರ್ಲಿ," ಅಂದರು. ಆ ವರ್ಷವೂ ಮಗನಿಗೆ ಎಲೆ ಹಾಕಲಿಲ್ಲ. ಬಾಗಿಲು ಮುಚ್ಚಿ ಹೊರಗೆ ನಿಂತಿದ್ದಾಗ ಅಮ್ಮನಿಗೆ ಮೆಲ್ಲಗೆ ಹೇಳಿದರು. "ನಾನ್ ಹೋದ್ಮೇಲೆ ನಂಗೊಂದು ಎಲೆ ಹಾಕ್ರಿ. ನೀವೂ ನಮ್ಮೋರೇ ಅಲ್ವಾ. ಅವನಿಗೆ ಹಾಕ್ಬೇಡಿ."

ಮಗು ಸ್ಕೂಲಿಗೆ ಸೇರಿದ ವರ್ಷ ಆಂಟಿ ಹೋದರು. ಎದೆ ನೋವು ಅಂದರು, ಆಸ್ಪತ್ರೆ ಸೇರುವ ಮೊದಲೇ ಮುಗಿಯಿತು. ಮೈದುನ ಮನೆ ಮಾರಲು ನಿಂತರು, ನಾವು ವಿಜಯನಗರಕ್ಕೆ ಬಂದೆವು. ಆ ಬಾಡಿಗೆ ನಿಂತುಹೋಯಿತು. ಮಾವನೂ ನಾನೂ ಕೈಲಾದಷ್ಟು ತಿಂಗಳು ತಿಂಗಳು ಲ್ಯಾಬಿಗೆ ಕಳಿಸುತ್ತೇವೆ. ಬೇರೆ ಮನೆಯವರೂ ಕಳಿಸುತ್ತಾರೆ. ಹೆಚ್ಚೇನಿಲ್ಲ. ಡ್ರಮ್ ಖಾಲಿಯಾಗಿಲ್ಲ, ಅಷ್ಟೆ.

ಮೊನ್ನೆ ಬೋರ್ಡುಗಳನ್ನೆಲ್ಲ ಬಿಚ್ಚಿದ ಮೇಲೆ ಏಣಿ ಹಾಕಿ ಆ ಗೂಡಿನೊಳಗೆ ಕೈ ಆಡಿಸಿದೆ. ಧೂಳು ಬಿಟ್ಟರೆ ಏನೂ ಇರಲಿಲ್ಲ. ಇಳಿದು ಬಂದು ಆ ಫ್ಯಾನಿನ ಸ್ವಿಚ್ಚನ್ನು ಜೇಬಿಗೆ ಹಾಕಿಕೊಂಡೆ. ಹೊರಗೆ ಜೆಸಿಬಿಯವನು ಹಾರ್ನ್ ಹೊಡೆಯುತ್ತಿದ್ದ. ಹೊಸಿಲು ದಾಟುವಾಗ ಎಡವಿದೆ. ಅದಿರುವುದು ಮರೆತಿದ್ದೆ.

ನಿನ್ನೆ ಮಹಾಲಯ ಅಮಾವಾಸ್ಯೆ. ಅಕ್ಕನ ಮಗಳು ಈಗ ಉದ್ದ ಆಗಿದ್ದಾಳೆ, ಬಾಯಿ ಜೋರು. ಎಲೆ ಹಾಕುವ ಕೆಲಸ ಅವಳದ್ದು. ನಮ್ಮಪ್ಪನಿಗೆ ಹಾಕಿದಳು, ಆಂಟಿಗೆ ಹಾಕಿದಳು. ಆಂಟಿಯ ಎಲೆಗೆ ಅಮ್ಮ ಕಾಯಿ ಹೋಳಿಗೆ ಬಡಿಸಿದಳು. ಒಂದು ಎಲೆ ಉಳಿದಿತ್ತು. ಹುಡುಗಿ ಅದನ್ನು ಹಿಡಿದುಕೊಂಡು ಕೇಳಿದಳು.

"ಅಜ್ಜಿ, ಆ ಅಣ್ಣಂಗೆ?"

ಅಮ್ಮ ಅವಳ ಕೈಯಿಂದ ಎಲೆ ತೆಗೆದು ಗೋಡೆಗೆ ಒರಗಿಸಿದಳು.

"ಅವನಿಗೆ ಬೇಡ ಕಣೇ. ಅವನ್ದು ಬೆಳಗ್ಗೆನೇ ಊಟ ಆಗಿರುತ್ತೆ."

ಎಲ್ಲರೂ ಹೊರಗೆ ಬಂದೆವು. ಹುಡುಗಿ ಹೊಸಿಲನ್ನು ಒಂದೇ ನೆಗೆತಕ್ಕೆ ದಾಟಿ ಬಂದು ಬಾಗಿಲು ಎಳೆದುಕೊಂಡಳು. ಒಳಗೆ ಸದ್ದಿರಲಿಲ್ಲ. ಜೇಬಿನಲ್ಲಿ ಸ್ವಿಚ್ಚು ಇನ್ನೂ ಇತ್ತು, ಅದರ ಸವೆದ ಮೂಲೆಯನ್ನು ಬೆರಳಲ್ಲಿ ಸವರುತ್ತಾ ನಿಂತೆ. ಬದುಕಿದ್ದಾಗಲೂ ಆಂಟಿ ಒಬ್ಬರೇ ಕೂತು ಉಣ್ಣುತ್ತಿದ್ದರು. ಈಗಲೂ ಅವರ ಪಕ್ಕ ಮಗನ ಎಲೆ ಇಲ್ಲ.